ಕೆಳಲೆನಾಡಿನ ಕಲ್ಲುಗಳು



ಗಂಗರ ಕಾಲದ ಶಾಸನ, ವೀರಗಲ್ಲುಗಳ ಈ ಪ್ರದರ್ಶನವನ್ನು ತುಂಬು ಸಂತೋಷದಿಂದ ಉದ್ಘಾಟಿಸುತ್ತಿದ್ದೇನೆ. ಗಂಗರೆಂದರೆ ತಲಕಾಡು, ಶ್ರವಣಬೆಳಗೊಳ ಎಂದಷ್ಟೇ ಹೇಳುವ ರೂಢಿ ನಮ್ಮದು. ಏಳನೆಯ ಶತಮಾನದಲ್ಲಿ ಅವರ ರಾಜನಿವಾಸ ಇದ್ದದ್ದು ಇದೇ ಚನ್ನಪಟ್ಟಣ ತಾಲ್ಲೂಕಿನ ಮಂಕುಂದದಲ್ಲಿ ಎನ್ನುತ್ತಾರೆ ಇತಿಹಾಸಕಾರರು. ಈ ಸೀಮೆಯ ಮಕ್ಕಳಿಗೆ ಆ ಮಾತು ಗೊತ್ತಿರಬೇಕು.

ನಾಲ್ಕನೆಯ ಶತಮಾನದಿಂದ ಹತ್ತನೆಯದರ ಕೊನೆಯವರೆಗೆ ಗಂಗವಾಡಿಯನ್ನು ಆಳಿದ ವಂಶವದು. ಅರಸು ಎಲ್ಲೇ ಇದ್ದರೂ ಆಡಳಿತ ಊರಲ್ಲೇ ಇತ್ತು. ನಾಡಿಗೆ, ಊರಿಗೆ ಗಾವುಂಡರಿದ್ದರು. ಕಂದಾಯ, ಗಡಿ, ದಾನದ ಸಾಕ್ಷಿ ಎಲ್ಲಕ್ಕೂ ಅವರೇ. ಕೆರೆ ಕಟ್ಟಿಸಿದವನಿಗೆ, ನೋಡಿಕೊಂಡವನಿಗೆ ಬಿತ್ತುವಟ್ಟವೆಂದು ಭೂಮಿ ಬಿಡುತ್ತಿದ್ದರು. ದನ ತುರುಗಳನ್ನು ಉಳಿಸಲು ಹೋಗಿ ಸತ್ತವನ ಮನೆಯವರಿಗೆ ಕಲ್ನಾಡು ಎಂಬ ಭೂಮಿ ಸಿಗುತ್ತಿತ್ತು. ಇದೇ ವಂಶದ ಅರಸ ಶ್ರೀಪುರುಷ ಆನೆಗಳ ಬಗ್ಗೆ ಗಜಶಾಸ್ತ್ರವನ್ನೇ ಬರೆದನಂತೆ. ಕನಕಪುರದ ಕಾಡಂಚಿನಲ್ಲಿ ಬೇಸಾಯ ಮಾಡುವವರಿಗೆ ಅವನ ಆಸಕ್ತಿ ಚೆನ್ನಾಗಿ ಅರ್ಥವಾಗುತ್ತದೆ.

ಅದೇ ಕಾಲದಲ್ಲಿ ಚೀನಾದಲ್ಲಿ ಟಾಂಗ್ ವಂಶ ಆಳುತ್ತಿತ್ತು. ಅಲ್ಲಿ ಇತಿಹಾಸ ಬರೆಯುವುದಕ್ಕೆಂದೇ ಸರ್ಕಾರಿ ಕಚೇರಿ ಇತ್ತು, ಅರಸನ ದಿನಚರಿಯನ್ನೂ ದಾಖಲಿಸುತ್ತಿದ್ದರು. ನಮ್ಮಲ್ಲಿ ಅಂಥ ಕಚೇರಿಯಿರಲಿಲ್ಲ. ಊರಿನ ಗುಡಿಯ ಮುಂದೆ, ಕೆರೆ ಏರಿಯ ಮೇಲೆ ಕಲ್ಲು ನೆಟ್ಟರು. ಹಾಗಾಗಿ ಅರಸನ ಜೊತೆಗೆ ಸಾಮಾನ್ಯ ಆಳಿನ ಹೆಸರೂ ಉಳಿಯಿತು. ನನಗೆ ಇದು ದೊಡ್ಡ ಭಾಗ್ಯವೆನಿಸುತ್ತದೆ.

ಪ್ರದರ್ಶನದ ಒಳಗೆ ಆತಕೂರು ಶಾಸನದ ಪಡಿಯಚ್ಚು ಇದೆ. ಪಕ್ಕದ ಮದ್ದೂರು ತಾಲ್ಲೂಕಿನದು, ಮೂಲಶಿಲೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧದಲ್ಲಿ ಮಣಲೆರ ಎಂಬ ವೀರ ಗಂಗ ದೊರೆ ಬೂತುಗನ ಮನ ಗೆದ್ದ. ಏನು ಬೇಕೆಂದು ಕೇಳಿದರೆ ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ಕಾಳಿ ಎಂಬ ನಾಯಿಯನ್ನು ಕೇಳಿದ. ಮುಂದೆ ಕೆಳಲೆನಾಡಿನ ಬೆಳತೂರಿನ ಪಡುವಣ ಮೊರಡಿಯಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ಕೆಳಲೆನಾಡೆಂದರೆ ಈ ಚನ್ನಪಟ್ಟಣ, ಮದ್ದೂರು ಸೀಮೆಯೇ. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ನಾಯಿಗೆ ಕಲ್ಲು ನಿಲ್ಲಿಸಿದ, ಭೂಮಿ ಬಿಟ್ಟ. ಆ ಕಲ್ಲನ್ನು ಪೂಜಿಸದೆ ಗುಡಿಯ ಪೂಜಾರಿ ಗೊರವ ಉಂಡರೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದ. ಸಾವಿರ ವರ್ಷದ ಹಿಂದಿನ ಒಬ್ಬ ಸೈನಿಕನ ದುಃಖ ನಮಗೆ ನೇರ ಕೇಳಿಸುವುದು ಇಂಥ ಕಡೆ. ಹಂದಿ, ನಾಯಿ ಎದುರುಬದುರಾಗಿರುವ ಚಿತ್ರವನ್ನು ಹತ್ತಿರ ಹೋಗಿ ನೋಡಿ.

ಇಂಥ ಕಲ್ಲುಗಳು ನಮ್ಮ ಹೊಲದ ಬದುಗಳಲ್ಲಿ, ಹಾಳು ಗುಡಿಗಳ ಹಿಂದೆ ಇನ್ನೂ ಇವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ, ಕೆಲವು ರಸ್ತೆ ಕೆಲಸದಲ್ಲಿ ಮಣ್ಣಾಗಿವೆ. ನಿಧಿಯಾಸೆಗೆ ಒಡೆದು ಹಾಕುವವರೂ ಇದ್ದಾರೆ, ಇದು ಅಕ್ಷಮ್ಯ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಚ್ಚಿ, ಬ್ರಷ್‌ನಿಂದ ಬಡಿದು, ಮಸಿಯುಂಡೆ ಒತ್ತಿ ಅಕ್ಷರ ಎತ್ತುವುದನ್ನು ಇಲ್ಲಿನ ವಿದ್ಯಾರ್ಥಿಗಳು ಕಲಿತಿದ್ದಾರೆ. ಬಾಗಿಲ ಬಳಿ ಒಂದು ಪುಸ್ತಕ ಇಟ್ಟಿದ್ದಾರೆ. ನಿಮ್ಮೂರಿನಲ್ಲಿ ಬರವಣಿಗೆಯಿರುವ ಕಲ್ಲಿದ್ದರೆ ಊರು, ಜಾಗ ಬರೆದು ಹೋಗಿ. ಮಳೆಗಾಲಕ್ಕೆ ಮುಂಚೆ ಅವರು ಬರುತ್ತಾರೆ.