ನರದೊಳಗೂ ಒಂದು ಕೊನೆಭಾಗ ಐತಿ

ಗೊರೇಬಾಳದಿಂದ ಮಾತಾಡ್ತಿದೀನಿ. ಇವತ್ತಿನ ವಿಷಯ ಜೀವಕೋಶದೊಳಗಿನ ಸಾಗಾಟ. ಅದನ್ನ ಕಂಪ್ಯೂಟರಿನಲ್ಲಿ ಹೇಗೆ ಲೆಕ್ಕ ಹಾಕ್ತಾರೆ ಅಂತ ನೋಡೋಣ. ವಿಜ್ಞಾನ ಅಂತ ಸ್ಕಿಪ್ ಮಾಡಬೇಡ್ರಿ. ತುಂಗಭದ್ರಾ ಎಡದಂಡೆ ನಾಲೆ ನೋಡಿದವರಿಗೆ ಇದು ಅರ್ಧ ಗೊತ್ತಿರೋ ಕಥೆ.

ಮುನಿರಾಬಾದಿನಲ್ಲಿ ಬಿಟ್ಟ ನೀರು ಗಂಗಾವತಿ, ಸಿಂಧನೂರು ದಾಟಿ ಮಾನ್ವಿ, ರಾಯಚೂರು ಕಡೆ ಹೋಗಬೇಕು. ಮೇಲಿನವರು ಜಾಸ್ತಿ ಎತ್ತಿಕೊಂಡರೆ ಕೊನೆಭಾಗದ ರೈತರಿಗೆ ನೀರು ಮುಟ್ಟಲ್ಲ. ನಮ್ಮ ನರಕೋಶಕ್ಕೂ ಇದೇ ತಾಪತ್ರಯ.

ಬೆನ್ನಿನಿಂದ ಪಾದದವರೆಗೆ ಹೋಗೋ ನರದಲ್ಲಿ ಒಂದೊಂದು ಕೋಶವೇ ಸುಮಾರು 1 ಮೀಟರ್ ಉದ್ದದ ಎಳೆ ಚಾಚಿರುತ್ತೆ. ಪ್ರೋಟೀನು ಹೆಚ್ಚಾಗಿ ತಯಾರಾಗೋದು ಬೆನ್ನಿನ ಕಡೆ, ಬೇಕಾಗೋದು ಪಾದದ ತುದಿಗೂ. ತಾನಾಗೇ ತೇಲಿಕೊಂಡು ಹೋಗಲಿ ಅಂದರೆ ಸಾವಿರ ವರ್ಷವೂ ಸಾಲಲ್ಲ. ಅದಕ್ಕೇ ಹಮಾಲರಿದ್ದಾರೆ. 1985ರಲ್ಲಿ ಗುರುತಿಸಿದ ಕೈನೆಸಿನ್ ಅನ್ನೋ ಪ್ರೋಟೀನು ಸಾಮಾನಿನ ಚೀಲ ಹೊತ್ತು, ಹಳಿಯಂಥ ನಳಿಕೆಗಳ ಮೇಲೆ 8 ನ್ಯಾನೋಮೀಟರಿನ ಹೆಜ್ಜೆ ಇಡುತ್ತೆ. ವೇಗ ಸೆಕೆಂಡಿಗೆ ಸುಮಾರು 1 ಮೈಕ್ರೋಮೀಟರ್. ಎಲ್ಲೂ ನಿಲ್ಲದೆ ನಡೆದರೂ 1 ಮೀಟರಿಗೆ ಹನ್ನೊಂದೂವರೆ ದಿನ.

ಈಗ ಲೆಕ್ಕ. ನಾನು ಓದಿದ್ದು ಬಿ.ಕಾಂ. ನನಗೆ ಈ ಮಾಡೆಲ್ ಸ್ಟಾಕ್ ರಿಜಿಸ್ಟರ್ ಥರ ಕಾಣುತ್ತೆ. ಎಳೆಯನ್ನ ತುಂಡು ತುಂಡು ಮಾಡಿ, ಪ್ರತಿ ತುಂಡಿಗೆ ಬಂದದ್ದೆಷ್ಟು, ಮುಂದೆ ಹೋದದ್ದೆಷ್ಟು, ಇಳಿದದ್ದೆಷ್ಟು ಅಂತ ಬರೀಬೇಕು. ಕಂಪ್ಯೂಟರ್ ಅದನ್ನ ಕ್ಷಣಕ್ಷಣಕ್ಕೂ ಕೂಡಿ ಕಳೆಯುತ್ತೆ.

ನೀವೇ ಮೊಬೈಲಿನಲ್ಲಿ ಮಾಡಿ ನೋಡ್ರಿ. 1000 ಚೀಲ, 10 ನಿಲ್ದಾಣ. ಪ್ರತಿ ನಿಲ್ದಾಣ ತನ್ನ ಮುಂದೆ ಬಂದದ್ದರಲ್ಲಿ ನೂರಕ್ಕೆ 20 ಇಳಿಸಿಕೊಂಡರೆ ಮೊದಲನೆಯದಕ್ಕೆ 200, ಹತ್ತನೆಯದಕ್ಕೆ ಬರೀ 27. ನೂರಕ್ಕೆ 1 ಮಾತ್ರ ಇಳಿಸಿದರೆ? ಮೊದಲನೆಯದಕ್ಕೆ 10, ಕೊನೆಯದಕ್ಕೆ 9. ಹಂಚಿಕೆ ಸಮ ಆಯ್ತು, ಆದರೆ 904 ಚೀಲ ಇನ್ನೂ ದಾರಿಯಲ್ಲೇ ಅದಾವು.

2016ರಲ್ಲಿ ಅಲೆಕ್ಸ್ ವಿಲಿಯಮ್ಸ್ ಮತ್ತು ಸಂಗಡಿಗರು ನರಕೋಶದ ಕವಲುಗಳ ಮಾಡೆಲ್ ಮಾಡಿ ತೋರಿಸಿದ್ದು ಇದನ್ನೇ. ಬೇಗ ಹಂಚಿದರೆ ಹತ್ತಿರದವರಿಗೆ ಜಾಸ್ತಿ. ಸರಿಯಾಗಿ ಹಂಚಬೇಕಂದ್ರೆ ಹಲವು ಗಂಟೆ, ಕೆಲವೊಮ್ಮೆ ದಿನಗಳೇ ಬೇಕು.

ಉಪಾಯ ಇಲ್ಲವಾ? ಐತಿ. ಮೊದಲ ನಿಲ್ದಾಣ ಹತ್ತರಲ್ಲೊಂದು ಪಾಲು, ಎರಡನೆಯದು ಉಳಿದದ್ದರ ಒಂಬತ್ತರಲ್ಲೊಂದು, ಹೀಗೇ ತಗೊಂಡರೆ ಒಂದೇ ಸುತ್ತಿನಲ್ಲಿ ಎಲ್ಲರಿಗೂ 100. ಆದರೆ ತನ್ನ ಹಿಂದೆ ಎಷ್ಟು ಮಂದಿ ಕಾಯ್ತಿದ್ದಾರೆ ಅನ್ನೋದು ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಒಂದು ಹೊಸ ಕವಲು ಒಡೆದರೂ ಲೆಕ್ಕ ಕೆಡುತ್ತೆ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಕೈನೆಸಿನ್ ತಯಾರಿಸೋ ಕೆಐಎಫ್5ಎ ಜೀನ್ ಕೆಟ್ಟರೆ ಒಂದು ಥರದ ಆನುವಂಶಿಕ ಕಾಯಿಲೆ ಬರುತ್ತೆ. ಕಾಲು ಬಿಗಿಯುತ್ತೆ, ನಡಿಗೆ ಕಷ್ಟ ಆಗುತ್ತೆ. ಅತಿ ಉದ್ದದ ಎಳೆಗಳೇ ಹೆಚ್ಚು ಸೊರಗೋದು. ಅಲ್ಲೂ ಪೆಟ್ಟು ಬೀಳೋದು ಕೊನೆಭಾಗಕ್ಕೆ.

ಇಂಥ ಮಾಡೆಲ್ ಮಾಡೋಕೆ ವಿದೇಶಕ್ಕೇ ಹೋಗಬೇಕಿಲ್ಲ. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ಉಪಿಂದರ್ ಭಲ್ಲಾ ಅವರ ತಂಡ ಕಟ್ಟಿದ ಮೂಸ್ ಅನ್ನೋ ಸಾಫ್ಟ್‌ವೇರ್ ಐತಿ. ನರಕೋಶದ ಕವಲುಗಳಲ್ಲಿ ಅಣುಗಳ ಸಾಗಾಟವನ್ನೂ ಅದರಲ್ಲಿ ಓಡಿಸಿ ನೋಡಬಹುದು. ಕಾಸು ಕೊಡಬೇಕಿಲ್ಲ, ಪೈಥಾನ್ ಸ್ವಲ್ಪ ಗೊತ್ತಿದ್ದರೆ ಸಾಕು. ಇಂಜಿನಿಯರಿಂಗ್, ಬಿ.ಎಸ್ಸಿ. ಓದೋ ತಮ್ಮ ತಂಗಿಯರು ಇದನ್ನ ಕೇಳ್ತಿದ್ದರೆ, ಪ್ರಾಜೆಕ್ಟ್ ವಿಷಯ ಸಿಕ್ತು ಅಂದ್ಕೊಳ್ರಿ.

ಕೊನೆಯ ನಿಲ್ದಾಣಕ್ಕೆ 27 ಬದಲು 100 ಮುಟ್ಟಿಸೋಕೆ ನಿಮ್ಮ ಬೇರೆ ಉಪಾಯ ಏನು? ಲೆಕ್ಕ ಹಾಕಿ ಕಳಿಸ್ರಿ. ಮುಂದಿನ ವಾರ ಸಿಗೋಣ.