ಹೆದರದೆ ಬರೆಯೋಣ



ವೈದ್ಯರಾದ ನಾವು ರೋಗಿಯ ಮಾತನ್ನು ಮೊದಲು ತಡೆಯದೆ ಕೇಳುತ್ತೇವೆ, ಪ್ರಶ್ನೆಗಳೆಲ್ಲ ಆಮೇಲೆ. ಕಥೆ ಬರೆಯುವಾಗಲೂ ಇದೇ ಕ್ರಮ ಒಳ್ಳೆಯದು. ಹದಿನೈದು ನಿಮಿಷ ಕಾಗುಣಿತಕ್ಕೆ ಹೆದರದೆ, ಏನನ್ನೂ ಹೊಡೆದುಹಾಕದೆ, ಕನ್ನಡ ಪದ ಹೊಳೆಯದಿದ್ದರೆ ಇಂಗ್ಲಿಷನ್ನೇ ಹಾಕಿ ಬರೆದುಬಿಡೋಣ. ಬಳಿಕ "ಯಾಕೆ?" ಎಂದು ಕೇಳೋಣ. "ಅಜ್ಜಿ ಊರಿಗೆ ಹಿಂದಿರುಗಿದರು" ಎಂಬುದು ಬರೀ ಸುದ್ದಿ. "ಮೊಮ್ಮಗಳ ಮಾತು ತಿಳಿಯದೆ ಹಿಂದಿರುಗಿದರು" ಎಂದಾಗ ಕಥೆಗೆ ಹಂದರ ಸಿಕ್ಕಿತು. ಮೊಮ್ಮಗಳು ಮುಂದೇನು ಮಾಡಿದಳು? ಬಳ್ಳಿ ಹಬ್ಬತೊಡಗಿತು.

ವೈದ್ಯೆಯಾಗಿದ್ದ ಅನುಪಮಾ ನಿರಂಜನ (1934–1991) ಕಾದಂಬರಿಗಳ ಜೊತೆಗೆ ಮಕ್ಕಳಿಗೆ 'ದಿನಕ್ಕೊಂದು ಕಥೆ'ಯನ್ನೂ ಕೊಟ್ಟರು. ಪುರುಸೊತ್ತಿಲ್ಲವೆಂಬ ನೆಪ ನಮಗೆ ಸಲ್ಲದು. ಕಡಲು ದಾಟಿ ಬಂದ ನಮ್ಮ ಕಥೆಯನ್ನು ನಾವೇ ಬರೆಯದಿದ್ದರೆ, ನಾಳೆ ನಮ್ಮ ಮಕ್ಕಳು ಅದನ್ನು ಯಾರ ಬಳಿ ಕೇಳಬೇಕು?