ಬ್ರೇಕ್ ಹಿಡಿದಾಗ ಬರುವ ಸದ್ದು



ಮೊದಲಿಗೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೆಕ್ಯಾನಿಕ್ ಅಲ್ಲ. ಹತ್ತನೆಯ ತರಗತಿ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಗುಮಾಸ್ತನಾಗಿಯೇ ನಿವೃತ್ತನಾದವನು. ಅಂಥವನು ಗಾಡಿಯ ಬ್ರೇಕಿನ ಬಗ್ಗೆ ಮಾತಾಡುವುದೇ ಎಂದು ತಾವು ನಗಬಹುದು. ಆದರೆ ನಮ್ಮ ತಾಳವಾಡಿ ಸೀಮೆಯಲ್ಲಿ ಇಂದು ಕೋಸು, ಬೀಟ್‌ರೂಟು, ಆಲೂಗಡ್ಡೆ ಬೆಳೆದವನು ಹೊಲದ ಚಿಂತೆಯಷ್ಟೇ ಪಿಕಪ್ ಗಾಡಿಯ ಚಿಂತೆಯನ್ನೂ ಮಾಡಬೇಕಾಗಿದೆ. ಸತ್ಯಮಂಗಲಕ್ಕಾಗಲಿ ಮೇಟುಪಾಳ್ಯಕ್ಕಾಗಲಿ ಸರಕು ಇಳಿಸಬೇಕಾದರೆ, ಹಾಸನೂರಿನ ಮೇಲೆ ಹೋದರೂ ಸರಿ, ತಲಮಲೆಯ ಕಾಡುದಾರಿ ಹಿಡಿದರೂ ಸರಿ, ದಿಂಬಂ ಘಾಟಿ ತಪ್ಪದು. ಆ 27 ಹೇರ್‌ಪಿನ್ ತಿರುವುಗಳನ್ನು ತಾವೂ ಎಣಿಸಿದವರೇ. ಅಲ್ಲಿ ಲೋಡು ಗಾಡಿಯನ್ನು ಕಾಯುವುದು ಬ್ರೇಕು. ಆ ಬ್ರೇಕು ಸದ್ದು ಮಾಡಿ ಏನಾದರೂ ಹೇಳಿದರೆ ನಾವು ಕೇಳಿಸಿಕೊಳ್ಳಬೇಕು.

ಹೋದ ವರ್ಷ ನಮ್ಮ ಮನೆಯಲ್ಲೇ ನಡೆದ ಸಂಗತಿ. ಅಣ್ಣನ ಮಗ ಪಿಕಪ್ ಓಡಿಸುತ್ತಾನೆ. ಒಂದು ದಿನ ಸಂಜೆ ಗಾಡಿ ಅಂಗಳಕ್ಕೆ ಬಂದು ನಿಲ್ಲುವಾಗ ಕೀಂಯ್ ಎಂದು ಸಣ್ಣಗೆ ಸದ್ದಾಯಿತು. ಅತ್ತಿಗೆ ಒಳಗಿನಿಂದಲೇ, "ಏನದು, ಇಲಿಮರಿ ಕೂಗ್ದಂಗೆ?" ಎಂದರು. ಹುಡುಗ, "ದೂಳು ಸೇರ್ಕಂಡದ ಕನವ್ವ, ತೊಳುದ್ರೆ ಹೋಯ್ತದ" ಎಂದ. ತೊಳೆದದ್ದೂ ಆಯಿತು, ಸದ್ದು ಹೋಗಲಿಲ್ಲ. ಸತ್ಯಮಂಗಲಕ್ಕೆ ಹೋದಾಗ ಒಂದು ವರ್ಕ್‌ಶಾಪಿನಲ್ಲಿ ತೋರಿಸಿದ. ಅಲ್ಲಿಯವರು ಬಗ್ಗಿ, ಗಾಲಿಯ ತೂತಿನಿಂದ ಒಳಗೆ ನೋಡಿ, "ಪ್ಯಾಡ್ ನಲ್ಲಾ ಇರುಕ್ಕು" ಎಂದರಂತೆ. ಇವನಿಗೂ ಅಷ್ಟೇ ಬೇಕಾಗಿತ್ತು. ಸದ್ದು ಕೇಳಿಸದಿರಲೆಂದು ಹಾಡಿನ ಶಬ್ದ ಜಾಸ್ತಿ ಮಾಡಿಕೊಂಡ.

ಹದಿನೈದು ದಿನ ಕಳೆದ ಮೇಲೆ ನಾನೇ ಅವನ ಜೊತೆ ಘಾಟಿ ಇಳಿದೆ. ನಾಲ್ಕನೆಯದೋ ಐದನೆಯದೋ ತಿರುವಿನಲ್ಲಿ ಹಾಡು ನಿಲ್ಲಿಸು ಎಂದೆ. ಕೀಂಯ್ ಎಂಬ ಸದ್ದು ಹೋಗಿ, ಬೀಸುವ ಕಲ್ಲಿನಲ್ಲಿ ಮರಳು ಹಾಕಿ ತಿರುಗಿಸಿದಂತೆ ಗರಗರ ಎನ್ನುತ್ತಿತ್ತು. ಕಾಲಿಟ್ಟಾಗ ಮಾತ್ರ ಸದ್ದು, ಕಾಲು ತೆಗೆದರೆ ಇಲ್ಲ. ಬಣ್ಣಾರಿ ಮುಟ್ಟುವವರೆಗೆ ನಾನು ಸೀಟಿನ ಅಂಚಿನಲ್ಲೇ ಕುಳಿತಿದ್ದೆ. ದೇವಿಗೆ ಕೈಮುಗಿದೆ, ಆದರೆ ಮನಸ್ಸು ಗಾಲಿಯ ಮೇಲೇ ಇತ್ತು.

ಸರಕು ಇಳಿಸಿ, ಖಾಲಿ ಗಾಡಿಯಲ್ಲಿ ನಿಧಾನವಾಗಿ ಹತ್ತಿ ಊರಿಗೆ ಬಂದೆವು. ಮಾರನೆಯ ಬೆಳಿಗ್ಗೆಗೆ ಮತ್ತೊಂದು ಲೋಡು ಕೋಸು ಹೊಲದಲ್ಲಿ ಕಿತ್ತು ಕೂತಿತ್ತು, ದರವೂ ಚೆನ್ನಾಗಿತ್ತು. ನಾನು, "ಗಾಲಿ ಬಿಚ್ಚಿ ನೋಡದೆ ಗಾಡಿ ಹೊರಡಕೂಡದು" ಎಂದೆ. ಅಣ್ಣನಿಗೆ ಸಿಟ್ಟು ಬಂತು. "ನಿಂಗ ಪಿಂಚಣಿ ಬತ್ತದ, ನಂಗ ಕೋಸೇ ಪಿಂಚಣಿ" ಎಂದರು. ಮಾತು ನಿಜವೇ. ಆದರೂ ನಾನು ಬೀಗದ ಕೈ ಕೊಡಲಿಲ್ಲ. ಆ ಕೋಸು ಬೇರೆಯವರ ಗಾಡಿಯಲ್ಲಿ ಬಾಡಿಗೆ ಕೊಟ್ಟು ಹೋಯಿತು. ಅಂದು ರಾತ್ರಿ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲಿಲ್ಲ.

ಬ್ಯಾಂಕಿನಲ್ಲಿ ದಿನದ ಲೆಕ್ಕ ತಾಳೆಯಾಗದಿದ್ದರೆ ಆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮನೆಗೆ ಹೋಗಬಹುದು. ಆದರೆ ತಪ್ಪು ಅಲ್ಲೇ ಇರುತ್ತದೆ, ಬೆಳೆಯುತ್ತದೆ. ಹುಡುಕುವುದಕ್ಕೂ ಒಂದು ಕ್ರಮವುಂಟು: ಯಾವ ದಿನ, ಯಾವ ಖಾತೆ, ಯಾವ ಬದಿ. ಅದೇ ಕ್ರಮವನ್ನು ಗಾಡಿಗೂ ಹಚ್ಚಿದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಮನೆ ಗೀಚಿ, ಸದ್ದು ಯಾವಾಗ, ಎಲ್ಲಿಂದ, ಎಂಥದು ಎಂದು ಬರೆದುಕೊಂಡೆ.

ಯಾವಾಗ ಎಂದರೆ, ಬ್ರೇಕ್ ತುಳಿದಾಗ ಮಾತ್ರ. ಎಲ್ಲಿಂದ ಎಂದು ತಿಳಿಯಲು ಊರ ಹೊರಗಿನ ಸಮತಟ್ಟು ರಸ್ತೆಯಲ್ಲಿ, ಖಾಲಿ ಗಾಡಿಯನ್ನು ನಡಿಗೆಯ ವೇಗದಲ್ಲಿ ಬಿಡಿಸಿದೆ. ಮೊದಲು ಗುಂಡಿ ಒತ್ತಿಹಿಡಿದು ಹ್ಯಾಂಡ್‌ಬ್ರೇಕನ್ನು ಮಾತ್ರ ಮೆಲ್ಲನೆ ಎಳೆಯಲು ಹೇಳಿದೆ. ನಮ್ಮ ಗಾಡಿಯಲ್ಲಿ ಅದು ಹಿಂದಿನ ಗಾಲಿಗಳನ್ನಷ್ಟೇ ಹಿಡಿಯುತ್ತದೆ. ಸದ್ದಿಲ್ಲ. ಆಮೇಲೆ ಕಾಲಿನ ಬ್ರೇಕು ತುಳಿಸಿದೆ. ಗರಗರ ಎಂದಿತು. ಆದ್ದರಿಂದ ತಪ್ಪು ಮುಂದೆ. ಕಿಟಕಿ ಇಳಿಸಿ ಗೋಡೆಯೊಂದರ ಪಕ್ಕದಲ್ಲಿ ಹಾಯಿಸಿದಾಗ ಬಲಗಡೆ ಎಂದು ಗೊತ್ತಾಯಿತು. ಇನ್ನೊಂದು ಸಾಕ್ಷಿಯೂ ಸಿಕ್ಕಿತು. ಬ್ರೇಕ್ ಹಿಡಿದಾಗ ಗಾಡಿ ಕೊಂಚ ಎಡಕ್ಕೆ ಎಳೆಯುತ್ತಿತ್ತು. ಎಂದರೆ ಎಡಗಾಲಿ ಸರಿಯಾಗಿ ಹಿಡಿಯುತ್ತಿದೆ, ಬಲಗಾಲಿ ಅಷ್ಟು ಹಿಡಿಯುತ್ತಿಲ್ಲ.

ಊರಿನ ಮೆಕ್ಯಾನಿಕ್ ಹುಡುಗನನ್ನು ಕರೆಸಿ ಬಲಗಾಲಿ ಬಿಚ್ಚಿಸಿದೆವು. ಇಲ್ಲಿ ಒಂದು ವಿಷಯ ತಿಳಿಸಬೇಕು. ಮುಂದಿನ ಗಾಲಿಯ ಜೊತೆಗೆ ತಟ್ಟೆಯಂಥ ಒಂದು ಕಬ್ಬಿಣದ ಡಿಸ್ಕ್ ತಿರುಗುತ್ತದೆ. ಅದರ ಹೊರಮಗ್ಗುಲಿಗೊಂದು, ಒಳಮಗ್ಗುಲಿಗೊಂದು ಪ್ಯಾಡು. ಕ್ಯಾಲಿಪರ್ ಎಂಬುದು ಇಕ್ಕಳದಂತೆ ಇವೆರಡನ್ನೂ ಡಿಸ್ಕಿಗೆ ಒತ್ತುತ್ತದೆ. ಆದರೆ ತಳ್ಳುವ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಹೊರಗಿನ ಪ್ಯಾಡು ಒತ್ತಬೇಕಾದರೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಬೇಕು. ನಮ್ಮ ಗಾಡಿಯಲ್ಲಿ ಆ ಪಿನ್ನುಗಳು ಕೆಸರು, ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ಹೊರಗಿನ ಪ್ಯಾಡು ಹೊಸದರಂತೆ ದಪ್ಪ. ಒಳಗಿನದು ಸವೆದು ಸವೆದು ಮುಗಿದುಹೋಗಿ, ಬರೀ ಕಬ್ಬಿಣದ ತಗಡು ಡಿಸ್ಕಿಗೆ ಉಜ್ಜುತ್ತಿತ್ತು. ಡಿಸ್ಕಿನ ಮೇಲೆ ಬೆರಳಿಗೆ ಸಿಗುವಂಥ ಗೀರುಗಳು. ಹೊರಗಿನಿಂದ ಬಗ್ಗಿ ನೋಡಿದವರು ಸುಳ್ಳು ಹೇಳಿರಲಿಲ್ಲ, ಜಮಾ ಬದಿ ನೋಡಿ ಖರ್ಚಿನ ಬದಿ ನೋಡದೆ ಪುಸ್ತಕ ಮುಚ್ಚಿದ್ದರು, ಅಷ್ಟೇ.

ಮೊದಲು ಬಂದ ಆ ಕೀಂಯ್ ಸದ್ದು ಏನೆಂದು ಆಗ ಅರ್ಥವಾಯಿತು. ಅನೇಕ ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಗೆ ಇಟ್ಟಿರುತ್ತಾರೆ. ಪ್ಯಾಡು ಎರಡು ಮೂರು ಮಿಲಿಮೀಟರಿಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕೂಗುತ್ತದೆ. ನನ್ನನ್ನು ಬದಲಿಸಿ ಎಂದು ಅದು ಕೊಡುವ ನೋಟೀಸು. ಆ ನೋಟೀಸಿಗೆ ನಾವು ಹಾಡು ಹಾಕಿದೆವು. ಆಗಲೇ ಬದಲಿಸಿದ್ದರೆ ಪ್ಯಾಡಿನ ಖರ್ಚಿನಲ್ಲಿ ಮುಗಿಯುತ್ತಿತ್ತು. ಈಗ ಡಿಸ್ಕುಗಳೂ ಹೊಸವು ಬೇಕಾದವು, ಎರಡು ದಿನ ಗಾಡಿ ನಿಂತಿತು. ಪ್ಯಾಡುಗಳನ್ನು ಎರಡೂ ಗಾಲಿಗೆ ಒಟ್ಟಿಗೇ ಬದಲಿಸಬೇಕು, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಪಿನ್ನುಗಳನ್ನು ತೊಳೆದು ಬ್ರೇಕಿಗೆಂದೇ ಸಿಗುವ ಗ್ರೀಸ್ ಹಚ್ಚಿಸಿದೆವು.

ಬಂಧುಗಳೇ, ಎಲ್ಲ ಸದ್ದೂ ಕೇಡಿನ ಸದ್ದಲ್ಲ. ಮಳೆ ಬಂದ ಮರುದಿನ ಬೆಳಿಗ್ಗೆ ಮೊದಲ ಎರಡು ಮೂರು ಬ್ರೇಕಿಗೆ ಕರಕರ ಎಂದು, ಆಮೇಲೆ ನಿಂತರೆ ಅದು ಡಿಸ್ಕಿನ ಮೇಲೆ ಕಟ್ಟಿದ ತೆಳು ತುಕ್ಕು, ಚಿಂತೆ ಬೇಡ. ಬ್ರೇಕ್ ತುಳಿಯದಿದ್ದರೂ ಒಂದೇ ಸಮ ಕಿರ್ ಎನ್ನುತ್ತಿದ್ದರೆ ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಸಣ್ಣ ಕಲ್ಲು ಸಿಕ್ಕಿರಬಹುದು. ಲೋಡು ಹೊತ್ತು ಬ್ರೇಕ್ ಹಿಡಿದಾಗ ಟಕ್ ಎಂದು ಒಂದೇ ಏಟು ಕೇಳಿದರೆ ಕಮಾನು ಪಟ್ಟಿಯ ಬುಷ್ಷು, ಯು-ಬೋಲ್ಟುಗಳನ್ನು ನೋಡಿಸಿ. ಕಾಲಿನಡಿ ಪೆಡಲು ತುಡಿದರೆ ಡಿಸ್ಕು ಸಮನಾಗಿ ಸವೆದಿಲ್ಲವೆಂದು ತಿಳಿಯಬಹುದು. ಆದರೆ ಎಬಿಎಸ್ ಇರುವ ಹೊಸ ಗಾಡಿಯಲ್ಲಿ ಜಾರುವ ರಸ್ತೆಯಲ್ಲಿ ಗಟ್ಟಿಯಾಗಿ ತುಳಿದಾಗ ಗ್ರ್‌ರ್ ಎಂದು ತುಡಿಯುವುದು ಸಹಜ. ಪೆಡಲು ತುಳಿದಾಗ ಡ್ಯಾಶ್‌ಬೋರ್ಡಿನ ಕೆಳಗೆ ಬುಸ್ ಎಂದು, ಪೆಡಲು ಕಲ್ಲಿನಂತೆ ಗಟ್ಟಿಯಾದರೆ ಬ್ರೇಕಿಗೆ ಬಲ ಕೊಡುವ ಬೂಸ್ಟರಿನಲ್ಲಿ ಗಾಳಿ ಸೋರುತ್ತಿರಬಹುದು. ಕೂಡಲೇ ತೋರಿಸಿ. ಗರಗರ ಎಂಬುದಂತೂ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು. ಆ ಗಾಡಿ ಘಾಟಿಗೆ ಇಳಿಯಬಾರದು.

ಕೆಲವರು ಸದ್ದು ನಿಲ್ಲಲೆಂದು ಪ್ಯಾಡಿಗೆ ಎಣ್ಣೆ ಬಿಡುತ್ತಾರೆ. ಸದ್ದು ನಿಲ್ಲುತ್ತದೆ, ಆದರೆ ಗಾಡಿ ನಿಲ್ಲುವುದಿಲ್ಲ. ಇನ್ನು ಡ್ರಮ್ಮಿನ ಧೂಳನ್ನು ಬಾಯಿಂದ ಊದಬೇಡಿ. ಹಳೆಯ ಲೈನರಿನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ, ಆಗ ಪೆಡಲು ತುಳಿದರೆ ಹಿಡಿತವಿಲ್ಲದೆ ನೆಲ ಮುಟ್ಟುತ್ತದೆ. ಆದ್ದರಿಂದ ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸುವುದು ಕ್ಷೇಮ. ಘಾಟಿ ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ. ಡೀಸೆಲ್ ಉಳಿಸಲು ಇಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟರೆ ಇಂಜಿನ್ನಿನ ತಡೆಯೂ ಹೋಗುತ್ತದೆ, ಬೂಸ್ಟರಿನ ಬಲವೂ ಹೋಗುತ್ತದೆ.

ಗಾಡಿ ಸರಿಯಾದ ದಿನ ಅಣ್ಣ ಆ ಸವೆದ ತಗಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಏನೂ ಹೇಳಲಿಲ್ಲ. ಅದನ್ನು ಈಗ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದಾರೆ. ಮಗ ಬೀಗದ ಕೈ ತೆಗೆದುಕೊಳ್ಳುವುದು ಅದೇ ಮೊಳೆಯಿಂದ.

ನನ್ನ ಕೋರಿಕೆ ಗಾಡಿ ಓಡಿಸುವವರಿಗಷ್ಟೇ ಅಲ್ಲ, ಮನೆಯಲ್ಲಿರುವ ತಾಯಂದಿರಿಗೂ ಉಂಟು. ದಿನವೂ ಗಾಡಿ ಅಂಗಳಕ್ಕೆ ಬರುವ ಸದ್ದು ತಮ್ಮ ಕಿವಿಗೆ ಪರಿಚಯ. ನಮ್ಮ ಮನೆಯಲ್ಲಿ ಮೊದಲು ಕೇಳಿಸಿಕೊಂಡವರು ಅತ್ತಿಗೆಯೇ. ಆ ಸದ್ದು ಬದಲಾದ ದಿನ ಕೇಳಿ, ಉತ್ತರ ಬರುವವರೆಗೂ ಕೇಳಿ. ಗಾಲಿ ಬಿಚ್ಚಿಸಿ, ಎರಡೂ ಮಗ್ಗುಲು ನೋಡಿಸಿ.